ಅಜ್ಜಿಯ ಕೈಯಲ್ಲಿದ್ದ ಬೋಂಡದ ತಟ್ಟೆ

ನನಗೊಂದು ಚಾಳಿಯಿದೆ. ಅಂಗಡಿಗಳ ಬೋರ್ಡಿನಲ್ಲಿ ದೊಡ್ಡ ಅಕ್ಷರ ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದುವುದು. ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿಗೆಂದು ಹೋದರೂ ಕಣ್ಣು ಮಾತ್ರ ಮೇಲೆ. ‘ನಮಗೆ ಬೇರೆ ಶಾಖೆಗಳಿಲ್ಲ’ ಎಂದು ಒಂದು ಚಕ್ಕುಲಿ ಅಂಗಡಿ ಹೆಮ್ಮೆಯಿಂದ ಬರೆದುಕೊಂಡಿರುತ್ತದೆ. ಇವೆಯೇ ಎಂದು ಕೇಳಿದವರು ಯಾರು? ನಾಲ್ಕು ಹೆಜ್ಜೆ ಮುಂದೆ ‘ಇದೇ ಮೂಲ ಅಂಗಡಿ’. ಅದರೆದುರು ‘ಮೂರು ತಲೆಮಾರಿನ ನಂಬಿಕೆ’. ನಾನು ಫುಟ್‌ಪಾತಿನ ಮಧ್ಯೆ ನಿಂತು ಓದುತ್ತಿದ್ದರೆ ನಮ್ಮ ಮನೆಯವರು ಚೀಲ ಎಳೆಯುತ್ತಾರೆ: “ಟೊಮೆಟೊ ತಗೊಳ್ಳೋಕೆ ಬಂದಿದೀವಿ ಕಣೇ, ಪರೀಕ್ಷೆಗೆ ಓದ್ಕೊಳ್ಳೋಕಲ್ಲ.”

ಅವರಿಗೇನು ಗೊತ್ತು. ಸುಳ್ಳು ಇರುವುದು ಆ ಸಣ್ಣ ಅಕ್ಷರಗಳಲ್ಲೇ. ನನಗೆ ಹೇಗೆ ಗೊತ್ತು ಎಂದರೆ, ನಾನೂ ಒಂದು ಬರೆದಿದ್ದೆ. ಬೋರ್ಡಿನ ಮೇಲಲ್ಲ, ವೆಬ್‌ಸೈಟಿನಲ್ಲಿ.

ನನ್ನ ಕಸುಬು ಏನೆಂದು ಮೊದಲು ಹೇಳಿಬಿಡುತ್ತೇನೆ. ಮದುವೆ, ಮುಂಜಿ, ಸೀಮಂತಕ್ಕೆ ಆರತಿ ತಟ್ಟೆ ಸಿಂಗರಿಸಿ ಕೊಡುತ್ತೇನೆ. ಬಣ್ಣ ಹಾಕಿದ ಸಬ್ಬಕ್ಕಿಯಲ್ಲಿ, ಮಣಿಯಲ್ಲಿ ಬಳ್ಳಿ ಬಿಡಿಸಿ, ನಡುವೆ ಕೊಬ್ಬರಿ ಬಟ್ಟಲನ್ನು ಜಾಲರಿಯ ಹಾಗೆ ಕೊರೆದು ಕೂರಿಸುವುದು. ಪುಟ್ಟೇನಹಳ್ಳಿ ಕೆರೆಯ ಹತ್ತಿರದ ನಮ್ಮ ಮನೆಯ ಊಟದ ಮೇಜೇ ಕಾರ್ಖಾನೆ. ಸಾರಿನಲ್ಲಿ ಮಣಿ ಸಿಕ್ಕಿದರೆ ನಮ್ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ, ತಟ್ಟೆಯ ಅಂಚಿಗೆ ತೆಗೆದಿಟ್ಟು ಊಟ ಮುಂದುವರಿಸುತ್ತಾರೆ.

ಮೊದಲೆಲ್ಲ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಕೆಲಸ ಬರುತ್ತಿತ್ತು. ಆಮೇಲಾಮೇಲೆ ಮದುವೆಯ ಹುಡುಗಿಯರೇ ನೇರವಾಗಿ ಫೋನ್ ಮಾಡಿ, “ಆಂಟಿ, ವೆಬ್‌ಸೈಟ್ ಲಿಂಕ್ ಕಳ್ಸ್ತೀರಾ?” ಎನ್ನತೊಡಗಿದರು. ಇಲ್ಲಮ್ಮ ಎಂದರೆ, “ಓಕೆ ಆಂಟಿ.” ಆ ಓಕೆಯ ನಂತರ ಯಾರೂ ತಿರುಗಿ ಫೋನ್ ಮಾಡಿದ್ದಿಲ್ಲ. ಒಂದು ಇಡೀ ಮಾಘಮಾಸದ ಮದುವೆಗಳು ಹೀಗೆ ನನ್ನ ಮೇಜನ್ನು ಮುಟ್ಟದೆ ದಾಟಿಹೋದ ಮೇಲೆ ನಾನು ಪ್ರಸನ್ನನಿಗೆ ಫೋನ್ ಮಾಡಿದೆ.

ಪ್ರಸನ್ನ ನನ್ನ ಕಾಲೇಜಿನ ಸಹಪಾಠಿ. ಬಿಟಿಎಂ ಲೇಔಟಿನಲ್ಲಿ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುತ್ತಾನೆ. ತಲೆಯಲ್ಲಿ ಕೂದಲಿಲ್ಲ, ಅಭಿಪ್ರಾಯಗಳಿಗೆ ಕೊರತೆಯಿಲ್ಲ.

“ವೆಬ್‌ಸೈಟ್ ಅಂದ್ರೆ ಬರೀ ಫೋಟೋ ಅಲ್ಲ ಕಣೇ ವೀಣಾ. ಅಥೆಂಟಿಕ್ ಆಗಿರ್ಬೇಕು. ನಿಜವಾದ ನೀನು ಕಾಣ್ಬೇಕು.”

“ನಿಜವಾದ ನಾನು ನೈಟಿ ಹಾಕ್ಕೊಂಡು ಕೈಯೆಲ್ಲಾ ಗೋಂದು ಮಾಡ್ಕೊಂಡು ಕೂತಿರ್ತೀನಿ ಕಣೋ.”

“ಅಷ್ಟೊಂದು ನಿಜ ಬೇಡ.”

ಫೋಟೋಗಳಾದವು, ಬಣ್ಣ ಆರಿಸಿದ್ದಾಯಿತು. ಉಳಿದದ್ದು ‘ನಮ್ಮ ಬಗ್ಗೆ’ ಎಂಬ ಪುಟ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ: ಜಯನಗರದ ನೀಲಮ್ಮನವರ ಹತ್ತಿರ ಹನ್ನೊಂದು ವರ್ಷ ಈ ಕೆಲಸ ಕಲಿತೆ. ಪ್ರಸನ್ನನ ಫೋನ್ ತಕ್ಷಣ ಬಂತು.

“ಕ್ಲಾಸಿಗೆ ಹೋಗಿ ಕಲ್ತೆ ಅಂದ್ರೆ ಯಾರ್ ಬರ್ತಾರೆ ಗುರು? ಜುಂಬಾನೂ ಕ್ಲಾಸಲ್ಲೇ ಕಲಿಸ್ತಾರೆ. ಮನೆತನದಿಂದ ಬಂದಿದ್ದು ಅಂತ ಹಾಕು. ಅಜ್ಜಿ ಇರ್ಲಿಲ್ವಾ ನಿಂಗೆ?”

“ಇದ್ರು.”

“ಮುಗೀತು ಬಿಡು.”

ಅಜ್ಜಿಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಪಾಪದ ಗಾತ್ರ ನಿಮಗೆ ಗೊತ್ತಾಗುವುದಿಲ್ಲ. ಬನಶಂಕರಿಯ ನಮ್ಮ ಮನೆಯಲ್ಲಿ ಅಜ್ಜಿಯಷ್ಟು ಚೆನ್ನಾಗಿ ಇಸ್ಪೀಟು ಆಡುವವರು ಯಾರೂ ಇರಲಿಲ್ಲ. ಎಲೆ ಕಲೆಸುವಾಗ ಅವರ ಬೆರಳು ನೋಡಬೇಕಿತ್ತು, ನೀರು ಹರಿದ ಹಾಗೆ. ಆದರೆ ಅದೇ ಬೆರಳಿಗೆ ರಂಗೋಲಿ ಪುಡಿ ಕೊಟ್ಟರೆ ಬಾಗಿಲ ಮುಂದೆ ಹಿಟ್ಟು ಚೆಲ್ಲಿದ ಹಾಗಿರುತ್ತಿತ್ತು. ಅಮ್ಮ ಗಾಂಧಿಬಜಾರಿನಿಂದ ತೂತಿನ ರಂಗೋಲಿ ತಟ್ಟೆ ತಂದುಕೊಟ್ಟರು, ಪುಡಿ ಹಾಕಿ ಕುಟ್ಟಿದರೆ ಸಾಕು, ಕಮಲ ಮೂಡುತ್ತದೆ. ಅಜ್ಜಿ ಅದನ್ನು ತಲೆಕೆಳಗು ಇಟ್ಟು ಕುಟ್ಟಿ, “ಕಮಲ ಎಲ್ಲೇ?” ಎಂದು ನನ್ನನ್ನೇ ಕೇಳಿದ್ದರು. ಇಂಥವರನ್ನು ನಾನು ಕಲೆಯ ಮೂಲಪುರುಷೆ ಮಾಡಿದೆ. ‘ಮೂರು ತಲೆಮಾರಿನಿಂದ ಹರಿದುಬಂದ ಕೈ’ ಎಂದು ಬರೆದೆ. ಚಿತ್ರಕ್ಕೆಂದು ಸೋದರತ್ತೆಯ ಮದುವೆಯ ಆಲ್ಬಮ್ಮಿನಲ್ಲಿ ಅಜ್ಜಿ ತಟ್ಟೆ ಹಿಡಿದು ನಿಂತ ಫೋಟೋ ಸಿಕ್ಕಿತು. ತಟ್ಟೆಯಲ್ಲಿದ್ದದ್ದು ಬೋಂಡ. ಪ್ರಸನ್ನ ಬೋಂಡ ಕಾಣದ ಹಾಗೆ ತಟ್ಟೆಯ ಅಂಚಿಗೇ ಕತ್ತರಿ ಹಾಕಿದ. ಅಜ್ಜಿ ಈಗ ಏನೋ ಪವಿತ್ರವಾದದ್ದನ್ನು ಹೊತ್ತಂತೆ ಕಾಣುತ್ತಿದ್ದರು.

ಪ್ರಸನ್ನನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು. ಹಾಕುವುದಿಲ್ಲ. ನಮ್ಮ ಕಡೆ ಒಂದು ರೂಢಿಯಿದೆ. ಹಾಡಾಗಲಿ, ಹಪ್ಪಳವಾಗಲಿ, ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, “ಎಲ್ಲೂ ಇಲ್ಲಪ್ಪ, ಮನೇಲೇ” ಎನ್ನಬೇಕು. ಮನೇಲೇ ಎಂದರೆ ಹೆಚ್ಚು ಶುದ್ಧ. ಫೀಸು ಕೊಟ್ಟು ಕಲಿತದ್ದು ಸ್ವಲ್ಪ ಕಡಿಮೆ. ಅದಕ್ಕಿಂತ ಹೇಳಿಕೊಳ್ಳಲಾಗದ್ದು ಇನ್ನೊಂದಿದೆ. ಬಸವನಗುಡಿ ಕಡೆಯ ಕೆಲವು ಮನೆಗಳಿಂದ ಫೋನ್ ಬಂದರೆ ತಟ್ಟೆಯ ಬೆಲೆಗಿಂತ ಮೊದಲು, “ನೀವು ಯಾವ ಪೈಕಿ?” ಎಂಬ ಪ್ರಶ್ನೆ ಬರುತ್ತದೆ. ನೀಲಮ್ಮನವರು ರಾಣೆಬೆನ್ನೂರು ಕಡೆಯ ಲಿಂಗಾಯತರು. ಹಣೆ ತುಂಬ ವಿಭೂತಿ. ಅವರ ಹೆಸರು ಅಳಿಸುವಾಗ ಇದು ನನ್ನ ತಲೆಯಲ್ಲಿ ಬರಲೇ ಇಲ್ಲ ಎಂದು ಹೇಳಿದರೆ ಅದು ಎರಡನೇ ಸುಳ್ಳಾಗುತ್ತದೆ. ಬಂದಿತ್ತು. ಬಂದು, ಒಂದು ಕ್ಷಣ ನಿಂತು, ಹೋಯಿತು. ನಾನು ಅಳಿಸಿದೆ.

ನೀಲಮ್ಮನವರ ಗಂಡನಿಗೆ ಜಯನಗರದಲ್ಲಿ ಬಟ್ಟೆ ಅಂಗಡಿಯಿತ್ತು. ಅದರ ಮೇಲಿನ ಮನೆಯಲ್ಲಿ ಶನಿವಾರ ಮಧ್ಯಾಹ್ನ ಐದಾರು ಜನ ಹೆಂಗಸರು ಸೇರುತ್ತಿದ್ದೆವು. ಅವರ ಊರಿನ ಕಡೆ ಮೇಡಂಗೆ ‘ಅಕ್ಕೋರು’ ಅನ್ನುತ್ತಾರಂತೆ, ನಾವೂ ಹಾಗೇ ಕರೆದೆವು. ಮೊದಲ ಆರು ತಿಂಗಳು ಅವರು ನನಗೆ ಕೊಟ್ಟದ್ದು ಗಾಜಿನ ಚೂರು ಒಂದೇ. ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆಯುವುದು. ಹೆರೆದು ಹೆರೆದು ನನ್ನ ಹೆಬ್ಬೆರಳಿನ ಗೆರೆಗಳೇ ಹೋಗಿದ್ದವು. ನಲವತ್ತು ವರ್ಷ ಜಯನಗರದಲ್ಲಿದ್ದರೂ ಅವರ ಮಾತಿಗೆ ಜಯನಗರದ ಗಾಳಿ ತಾಗಿರಲಿಲ್ಲ. “ಬ್ಲೇಡ ಹಿಂಗ ಹಿಡದ್ರ ಕೊಬ್ಬರಿ ಕೊರಿಯೂದಿಲ್ಲ, ಕುತ್ತಿಗಿ ಕೊರೀತಿ” ಎನ್ನುತ್ತಿದ್ದರು. ಅವರ ಕೈ ನಡುಗತೊಡಗಿದ ಮೇಲೆ ಕ್ಲಾಸು ನಿಂತು ಆಗಲೇ ಎರಡು ವರ್ಷವಾಗಿತ್ತು.

ವೆಬ್‌ಸೈಟ್ ಮಾತ್ರ ಓಡಿತು. ಬರುವ ಫೋನುಗಳೆಲ್ಲ ಅಜ್ಜಿಯ ಹೆಸರು ಹಿಡಿದೇ ಬರುತ್ತಿದ್ದವು. ಪ್ರಸನ್ನ, “ನೋಡ್ದಾ, ಅಜ್ಜಿ ಸಖತ್ ವರ್ಕೌಟ್ ಆಗ್ತಿದಾರೆ” ಎಂದ. ಒಂದು ಮಂಗಳವಾರ ಬೆಳಿಗ್ಗೆ ಪದ್ಮಜಾ ಎಂಬವರ ಫೋನ್ ಬಂತು. ಮಗಳ ಮದುವೆ, ಇಪ್ಪತ್ತೊಂದು ತಟ್ಟೆ ಬೇಕು. ಆ ವರ್ಷದ ನನ್ನ ಅತಿ ದೊಡ್ಡ ಕೆಲಸ.

“ನಿಮ್ಮಜ್ಜಿ ಬಗ್ಗೆ ಓದಿ ನಂಗೆ ಕಣ್ಣಲ್ಲಿ ನೀರೇ ಬಂತು ರೀ. ನಮ್ಮತ್ತೆ ಅಂತೂ ಮನೆತನದ ಕೈಕೆಲ್ಸ ಆದ್ರೆ ಮಾತ್ರ ಅಂತ ಕೂತಿದಾರೆ. ನಿಮ್ಮಜ್ಜಿ ಮಾಡಿದ್ದ ಹಳೇ ತಟ್ಟೆ ಇದ್ಯಾ?”

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಎರಡು ಅಕ್ಷರ. ನನ್ನ ಬಾಯಿ, “ಇದೆ ಮೇಡಂ” ಎಂದಿತು.

“ಗುರುವಾರ ನಾಲ್ಕು ಗಂಟೆಗೆ ಬಂದು ನೋಡ್ತೀನಿ. ಅತ್ತೆಗೆ ಫೋಟೋ ಕಳಿಸ್ಬೇಕು.”

ಹಳೆಯ ಕೆಲಸದ ತಟ್ಟೆಗಳು ನನಗೆ ಗೊತ್ತಿದ್ದ ಹಾಗೆ ಇಡೀ ದಕ್ಷಿಣ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿದ್ದವು. ಗುರುವಾರ ಮಧ್ಯಾಹ್ನ ಎರಡಕ್ಕೆ ನೀಲಮ್ಮನವರ ಮೆಟ್ಟಿಲು ಹತ್ತಿದೆ. ಒಬ್ಬರು ತಟ್ಟೆ ನೋಡಬೇಕಂತೆ, ಎರಡು ಕೊಡಿ, ಸಂಜೆಗೆ ವಾಪಸ್ ತರುತ್ತೇನೆ ಎಂದೆ. ಯಾರಿಗೆ, ಯಾಕೆ ಎಂದು ಅವರು ಕೇಳಲೇ ಇಲ್ಲ. ಟ್ರಂಕು ತೆಗೆದು, ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಎರಡು ತಟ್ಟೆ ಹೊರಗಿಟ್ಟರು. ಕರ್ಪೂರದ ವಾಸನೆ ಬಂತು. ವಾರ್ನಿಶ್ ಹೊಡೆದ ಕೊಬ್ಬರಿಯ ಎಲೆಗಳು ಕಾಗದಕ್ಕಿಂತ ತೆಳ್ಳಗಿದ್ದವು.

“ನೋಡಾಕ ಬರಾಕತ್ತಾರ ಅಂದ್ರ ಇವನ್ನ?” ಎಂದರು. “ಎಷ್ಟ ವರ್ಷ ಆತು ಯಾರರ ಇವನ್ನ ನೋಡಿ. ತಡಿ, ಸೀರಿ ಬದಲಿಸ್ಕೊಂಡ ಬರ್ತೀನಿ.”

“ಅಕ್ಕೋರೇ, ನೀವ್ಯಾಕೆ ತೊಂದ್ರೆ ತಗೋತೀರಾ. ಬಿಸ್ಲು ಬೇರೆ.”

“ಛತ್ರಿ ಐತಿ.”

“ಮೆಟ್ಲು ಇಳೀಬೇಕು.”

“ಏರೂದಕ್ಕಿಂತ ಇಳಿಯೂದ ಸಲೀಸು. ನನ್ನ ತಾಟು ಒಬ್ಬಂಟಿ ಕಳಸಂಗಿಲ್ಲ ನಾ.”

ಆಟೋದಲ್ಲಿ ನಮ್ಮಿಬ್ಬರ ತೊಡೆಯ ಮೇಲೆ ಒಂದೊಂದು ತಟ್ಟೆ. ರಸ್ತೆಯ ಪ್ರತಿ ಉಬ್ಬಿಗೂ ಇಬ್ಬರೂ ತಟ್ಟೆಯನ್ನು ಎತ್ತಿ ಹಿಡಿಯುತ್ತಿದ್ದೆವು. “ನಿಧಾನಕ್ಕೆ ಅಣ್ಣಾ” ಎಂದರೆ ಆಟೋದವರು, “ಬಾಂಬ್ ಏನಾದ್ರೂ ಇಟ್ಕೊಂಡಿದೀರಾ ಮೇಡಂ?” ಎಂದರು. ಬಾಂಬೇ ಅಣ್ಣಾ ಎನ್ನಬೇಕೆನಿಸಿತು. ಜೆ.ಪಿ. ನಗರದ ಸಿಗ್ನಲಿನಲ್ಲಿ ಆಟೋ ನಿಂತಿತು. ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಅಕ್ಕೋರೇ, ನಾನೊಂದು ತಪ್ಪು ಮಾಡಿದೀನಿ. ವಾಕ್ಯ ಪೂರ್ತಿ ಸಿದ್ಧವಾಗಿತ್ತು. ಅವರು ಸೆರಗಿನಲ್ಲಿ ತಟ್ಟೆಯ ಅಂಚಿನ ಧೂಳು ಒರೆಸುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ಸಿಗ್ನಲ್ ಹಸಿರಾಯಿತು. ನಾಲ್ಕಕ್ಕೆ ಇನ್ನೂ ಮುಕ್ಕಾಲು ಗಂಟೆಯಿದೆ, ಮನೆಗೆ ಹೋಗಿ ಕಾಫಿ ಕೊಟ್ಟು ಹೇಳಿದರಾಯಿತು ಎಂದುಕೊಂಡೆ.

ಪದ್ಮಜಾ ಮೇಡಂ ಆಗಲೇ ಬಂದು ನಮ್ಮ ಗೇಟಿನಲ್ಲಿ ನಿಂತಿದ್ದರು.

“ಟ್ರಾಫಿಕ್ ಇರತ್ತೆ ಅಂತ ಬೇಗ ಹೊರಟೆ, ಇವತ್ತೇ ಇರ್ಲಿಲ್ಲ ನೋಡಿ!” ನಕ್ಕರು. ರೇಷ್ಮೆಯಂಥ ಮನುಷ್ಯೆ, ಅವರ ಬಗ್ಗೆ ಒಂದು ಕೆಟ್ಟ ಮಾತು ಹೇಳಲಾರೆ. ಅವರ ಕಣ್ಣು ಆಟೋದಿಂದ ಇಳಿಯುತ್ತಿದ್ದ ನೀಲಮ್ಮನವರ ಹಣೆಯ ಮೇಲೆ ಹೋಗಿ ನಿಂತಿತು. “ಇವ್ರು?”

“ನಮ್ಮ ಪರಿಚಯದವ್ರು” ಎಂದೆ.

ಹನ್ನೊಂದು ವರ್ಷ. ಪರಿಚಯದವರು.

ನೀಲಮ್ಮನವರು ಆಟೋದ ಕಂಬಿ ಹಿಡಿದವರು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಒಳಗೆ ಬಂದರು.

ಮೇಜಿನ ಮೇಲೆ ಪಂಚೆ ಬಿಚ್ಚಿದೆ. ಪದ್ಮಜಾ ಮೇಡಂ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು. “ಅಯ್ಯೋ, ಇದು ಅಜ್ಜಿ ಕೈದಾ!” ನಾನು ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕಾಫಿ ತರ್ತೀನಿ ಎಂದು ಅಡಿಗೆಮನೆಗೆ ಹೋಗಿ ಫಿಲ್ಟರಿನ ಮುಚ್ಚಳ ಹಿಡಿದು ನಿಂತೆ. ಅಲ್ಲಿಂದ ಎಲ್ಲ ಕೇಳುತ್ತಿತ್ತು.

“ನೋಡಿ ಅಮ್ಮಾ, ಇವ್ರ ಅಜ್ಜಿ. ವೆಬ್‌ಸೈಟಲ್ಲಿ ಎಷ್ಟು ಚೆನ್ನಾಗಿ ಬರ್ದಿದಾರೆ ಗೊತ್ತಾ. ನೀವು ಓದಿದೀರಾ?”

“ಇಲ್ರೀ. ಕಂಪ್ಯೂಟರಿನಾಗ ಏನೋ ಮಾಡ್ಯಾಳ ಅಂತ ಗೊತ್ತು. ಕನ್ನಡಕ ತಂದಿಲ್ಲ.” ಆಮೇಲೆ ದನಿ ಸ್ವಲ್ಪ ಏರಿತು. “ವೀಣಾ, ಬಾ ಇಲ್ಲಿ. ನೀನ ಓದವಾ, ಕೇಳೂಣು.”

ಪದ್ಮಜಾ ಮೇಡಂ ಸಂತೋಷದಿಂದ ಫೋನನ್ನು ನನ್ನ ಕೈಗಿಟ್ಟರು. ನೀಲಮ್ಮನವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಶನಿವಾರದ ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆ. ನಾನು ಓದಿದೆ. “ಅಜ್ಜಿಯ ಮಡಿಲಲ್ಲಿ ಕೂತು, ಅವರ ಬೆರಳು ಹಿಡಿದು, ಕೊಬ್ಬರಿಯ ಮೇಲೆ ಮೊದಲ ಎಲೆ ಕೊರೆದ ದಿನ...” ಬರೆಯುವಾಗ ಎಷ್ಟು ನುಣ್ಣಗಿತ್ತು ಈ ವಾಕ್ಯ! ಬಾಯಲ್ಲಿ ಗಾಜಿನ ಪುಡಿಯಾಯಿತು. “...ಇಂದಿಗೂ ನೆನಪಿದೆ. ನಮ್ಮ ಮನೆಯ ಗೋಡೆಗಳ ಒಳಗೇ ಉಳಿದುಬಂದ ಈ ಕಲೆ...”

“ಛಲೋ ಐತಿ. ಮುಂದ?” ಎಂದರು ನೀಲಮ್ಮನವರು.

ಮುಂದೆ ಓದಲಾಗಲಿಲ್ಲ. ಪದ್ಮಜಾ ಮೇಡಂ ನನಗೆ ಅಜ್ಜಿಯ ನೆನಪಾಯಿತೆಂದು ತಿಳಿದು ಬೆನ್ನು ಸವರಿದರು. ಮಾತು ಬದಲಿಸಲೆಂದು ತಟ್ಟೆ ಎತ್ತಿ, “ಇಷ್ಟು ತೆಳ್ಳಗೆ ಕೊರೆದ್ರೂ ಒಡೆದಿಲ್ವಲ್ಲ, ಹೇಗೆ ರೀ ಮಾಡ್ತಿದ್ರು?” ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು. ಫೋನನ್ನು ಮೇಜಿನ ಮೇಲೆ ಇಟ್ಟೆ.

“ಹಸಿ ಅರಿವ್ಯಾಗ ಸುತ್ತಿ ಒಂದ ರಾತ್ರಿ ಇಡಬೇಕ್ರಿ. ಆಗ ಮೆತ್ತಗ ಆಗತೈತಿ, ಬ್ಲೇಡಿಗೆ ಬಗ್ಗತೈತಿ” ಎಂದರು ನೀಲಮ್ಮನವರು. “ಇದರಾಗ ಮೂರನೇ ಎಲಿ ನೋಡ್ರಿ, ಸಣ್ಣದೈತಿ. ಅವತ್ತ ನನ್ನ ಮಗಗ ಜ್ವರ ಬಂದಿತ್ತು, ಎದ್ದು ಎದ್ದು ಹೋಗ್ತಿದ್ದೆ.”

ಪದ್ಮಜಾ ಮೇಡಂ ಮೂರನೇ ಎಲೆ ನೋಡಿದರು. ಅವರನ್ನು ನೋಡಿದರು. ನನ್ನನ್ನು ನೋಡಿದರು. ನೀಲಮ್ಮನವರು ಕಿಟಕಿಯ ಕಡೆ ತಿರುಗಿದರು. ಉಳಿದದ್ದನ್ನು ಹೇಳುವ ಕೆಲಸ ನನ್ನದೆಂದು ಬಿಟ್ಟುಬಿಟ್ಟರು.

“ಮೇಡಂ, ಈ ತಟ್ಟೆ ಇವ್ರದ್ದು” ಎಂದೆ. “ನಂಗೆ ಕಲ್ಸಿದ್ದೂ ಇವ್ರೇ. ನಮ್ಮಜ್ಜಿಗೆ ರಂಗೋಲಿ ಹಾಕೋಕೂ ಬರ್ತಿರ್ಲಿಲ್ಲ. ಆ ಫೋಟೋದಲ್ಲಿ ಅವ್ರ ಕೈಲಿರೋದು ಬೋಂಡ.”



“ಬೋಂಡಾನಾ?” ಎಂದರು ಪದ್ಮಜಾ ಮೇಡಂ. “ನಮ್ಮತ್ತೆ ಆ ಫೋಟೋಗೆ ಕೈ ಮುಗಿದಿದಾರೆ ರೀ.”

ಬೇರೆ ದಿನವಾಗಿದ್ದರೆ ಬಿದ್ದು ನಗುತ್ತಿದ್ದೆ. ಅವರು ಫೋನನ್ನು ಬ್ಯಾಗಿಗೆ ಹಾಕಿ, ನೀಲಮ್ಮನವರ ಕಡೆ ತಿರುಗಿ, “ಅಮ್ಮಾ, ನೀವೇ ಮಾಡ್ಕೊಡ್ತೀರಾ?” ಎಂದು ಕೇಳಿದರು. ನೀಲಮ್ಮನವರು ಉತ್ತರವಾಗಿ ಬಲಗೈ ಎತ್ತಿ ಹಿಡಿದರು. ಬೆರಳುಗಳು ತಮ್ಮಷ್ಟಕ್ಕೆ ನಡುಗಿದವು. ಪದ್ಮಜಾ ಮೇಡಂ ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರು, ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದು ನನಗೆ ಹೇಳಿ ಹೋದರು. ಫೋನ್ ಬರಲಿಲ್ಲ. ಇಪ್ಪತ್ತೊಂದು ತಟ್ಟೆ ಬೇರೆ ಯಾರದೋ ಮೇಜಿನ ಮೇಲೆ ಆದವು.

ನಾನು ಕಾದದ್ದು ಬೈಗುಳಕ್ಕೆ. ನೀಲಮ್ಮನವರು ತಟ್ಟೆಗಳನ್ನು ಪಂಚೆಯಲ್ಲಿ ಸುತ್ತುತ್ತಿದ್ದರು. ಗಂಟು ಕಟ್ಟಲು ಕೈ ಒಪ್ಪುತ್ತಿರಲಿಲ್ಲ, ನಾನು ಮುಂದಾದೆ, ತಡೆದರು.

“ಬರದದ್ದು ಇರಲಿ. ಹೊಟ್ಟಿಪಾಡಿಗೆ ಮಂದಿ ಏನೇನೋ ಬರೀತಾರ. ಆದ್ರ ಗೇಟಿನ್ಯಾಗ ಪರಿಚಯದಾಕಿ ಅಂದ್ಯಲ್ಲ ವೀಣಾ. ಅದನ್ನ ಯಾವ ಕಂಪ್ಯೂಟರಿನವ ಹೇಳಿಕೊಟ್ಟಿದ್ದ?”

ಜೊತೆಗೆ ಬರುತ್ತೇನೆ ಎಂದರೆ ಬೇಡವೆಂದರು. ಛತ್ರಿ, ಗಂಟು ಹಿಡಿದು ಒಬ್ಬರೇ ಆಟೋ ಹತ್ತಿದರು.

ಅವತ್ತೇ ಸಂಜೆ ಪ್ರಸನ್ನನಿಗೆ ಹೇಳಿ ಅಜ್ಜಿಯನ್ನು ವೆಬ್‌ಸೈಟಿನಿಂದ ಇಳಿಸಿದೆ. “ಓಡೋ ಕುದುರೆ ಕಾಲು ಮುರೀತೀಯಲ್ಲೇ” ಎಂದು ಅವನು ಕೂಗಾಡಿದ. ಆ ಜಾಗಕ್ಕೆ ನೀಲಮ್ಮನವರ ಬಗ್ಗೆ ಹೊಸದಾಗಿ ಬರೆದೆ. ಬಹಳ ಚೆನ್ನಾಗಿ ಬರೆದೆ ಎಂದೇ ನನ್ನ ಭಾವನೆ, ಅಲ್ಲಲ್ಲಿ ಕಣ್ಣೀರೂ ಇತ್ತು. ಶನಿವಾರ ಮಧ್ಯಾಹ್ನ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು, ಕನ್ನಡಕ ಹಾಕಿಕೊಳ್ಳಿ ಎಂದು ಹೇಳಿ, ಅವರ ಕೈಗೆ ಕೊಟ್ಟೆ. ಕೊನೆಯವರೆಗೆ ಓದಿದರು.

“ನನ್ನ ಹೆಸರ ಹಾಕ್ತೀನಿ ಅಂತಿ.”

“ಹೂಂ ಅಕ್ಕೋರೇ. ನಿಮ್ಮ ಹತ್ರ ಕಲ್ತೆ ಅಂತ.”

“ಹನ್ನೊಂದ ವರ್ಷ ಬಂದಿ, ಖರೆ. ಕಲತಿ ಅಂತ ನಾ ಯಾವತ್ತರ ಹೇಳೀನೇನು?”

ನೆನಪು ಮಾಡಿಕೊಂಡೆ. ಹೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಆರ್ಡರು ಬರತೊಡಗಿದಾಗ ನಾನೇ, ಕಲಿತೆ ಎಂದುಕೊಂಡು ಕ್ಲಾಸಿಗೆ ಹೋಗುವುದು ಬಿಟ್ಟಿದ್ದೆ.

“ನಿಮ್ಮಜ್ಜಿ ಪಾಪ, ಸತ್ತಾರ, ಕೇಳಾಕ ಬರಂಗಿಲ್ಲ. ನಾ ಜೀವಂತ ಅದೀನಿ” ಎಂದು ಕಾಗದ ಮಡಿಸಿ ವಾಪಸ್ ಕೊಟ್ಟರು. “ಒಂದ ಕೊಬ್ಬರಿ ಕೊರಕೊಂಡ ಬಾ. ನೋಡೂಣು.”

ಹೀಗಾಗಿ ನನ್ನ ವೆಬ್‌ಸೈಟಿನಲ್ಲಿ ‘ನಮ್ಮ ಬಗ್ಗೆ’ ಎಂದು ಒತ್ತಿದರೆ ಇವತ್ತಿಗೂ ಬಿಳಿ ಪುಟ ತೆರೆಯುತ್ತದೆ. ಹಾಳಾಗಿದೆ ಎಂದು ತಿಳಿದು ಕೆಲವರು ಫೋನ್ ಮಾಡಿ ಹೇಳುತ್ತಾರೆ, ಪಾಪ. ಪ್ರಸನ್ನ ವಾರಕ್ಕೊಮ್ಮೆ, “ಒಂದು ಲೈನಾದ್ರೂ ಹಾಕೇ, ಅಸಹ್ಯವಾಗಿದೆ” ಎನ್ನುತ್ತಾನೆ. ಕೆಲಸ ಮೊದಲಿಗಿಂತ ಕಡಿಮೆಯಾಗಿದೆ, ಸುಳ್ಳು ಹೇಳುವುದಿಲ್ಲ. ಶನಿವಾರ ಮಾತ್ರ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ.

ಹೋದ ಶನಿವಾರ ಒಯ್ದದ್ದು ಒಂಬತ್ತನೆಯ ಕೊಬ್ಬರಿ. ನಾಲ್ಕು ದಿನ ಕೂತು ಕೊರೆದದ್ದು. ನೀಲಮ್ಮನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಕೈ ನಡುಗಿದ್ದಕ್ಕೆ ಎಲೆಗಳ ನೆರಳು ಗೋಡೆಯ ಮೇಲೆಲ್ಲ ಅಲುಗಿತು. ತಿರುಗಿಸಿದರು. ಮತ್ತೆ ತಿರುಗಿಸಿದರು. ಇಷ್ಟು ಹೊತ್ತು ಹಿಂದಿನ ಎಂಟನ್ನು ನೋಡಿರಲಿಲ್ಲ.

“ಹ್ಞಾಂ, ಕೈ ಬರಾಕತ್ತೈತಿ” ಎಂದರು. ಕೊಬ್ಬರಿಯನ್ನು ನನ್ನ ಅಂಗೈಯಲ್ಲಿ ಇಟ್ಟರು. “ಇನ್ನೊಂದ ತಗೊಂಬಾ.”